ಹನ್ನೆರಡು ಕುಲಗಳ ಲೆಕ್ಕಾಚಾರ

ಯಾಕೋಬನಿಗೆ ಹನ್ನೆರಡು ಗಂಡುಮಕ್ಕಳು. ಹಿರಿಯ ಹೆಂಡತಿ ಲೇಯಳಿಗೆ ಆರು, ಅವಳ ತಂಗಿಯೂ ಸವತಿಯೂ ಆದ ರಾಹೇಲಳಿಗೆ ಎರಡು, ಇಬ್ಬರ ದಾಸಿಯರಿಗೆ ತಲಾ ಎರಡು. ದೇವರು ಯಾಕೋಬನಿಗೆ ಇಸ್ರಾಯೇಲ್ ಎಂಬ ಹೆಸರಿಟ್ಟನೆಂದೂ ಈ ಹನ್ನೆರಡು ಮಂದಿಯ ಸಂತತಿಯೇ ಹನ್ನೆರಡು ಕುಲಗಳಾದವೆಂದೂ ಬೈಬಲ್ ಹೇಳುತ್ತದೆ.

ಆದರೆ ಕಾನಾನ್ ನಾಡು ಕುಲಗಳಿಗೆ ಪಾಲಾಗುವ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. ದೇವರ ಸೇವೆಗೆ ಮೀಸಲಾದ ಲೇವಿ ಕುಲಕ್ಕೆ ಸ್ವಂತ ಸೀಮೆಯಿಲ್ಲ. ಉಳಿದವರ ನಡುವೆ ಚದುರಿದ 48 ಊರುಗಳಷ್ಟೇ. ಹನ್ನೊಂದಕ್ಕೆ ಇಳಿಯಬೇಕಿದ್ದ ಸಂಖ್ಯೆ ಇಳಿಯುವುದಿಲ್ಲ. ಯಾಕೋಬನ ಮಗ ಯೋಸೇಫನ ಒಂದು ಪಾಲು ಅವನ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯರ ಹೆಸರಿನಲ್ಲಿ ಎರಡಾಗಿ, ಮತ್ತೆ ಹನ್ನೆರಡು ಭರ್ತಿ.

ಬೈಬಲ್‌ನ ಅತಿ ಹಳೆಯ ಭಾಗಗಳಲ್ಲೊಂದೆಂದು ಅನೇಕ ವಿದ್ವಾಂಸರು ಎಣಿಸುವ ಪ್ರವಾದಿನಿ ದೆಬೋರಳ ಹಾಡಿನಲ್ಲಿ ಪಟ್ಟಿಯೇ ಬೇರೆ. ಕಾನಾನ್ಯರ ಸೇನಾಪತಿ ಸೀಸೆರನ ವಿರುದ್ಧದ ಯುದ್ಧಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಜೆಬುಲೂನ್, ನಫ್ತಾಲಿಯವರು ಜೀವದ ಹಂಗು ತೊರೆದು ಕಾದಿದರು. ರೂಬೇನನವರು ಕುರಿಹಟ್ಟಿ ಬಿಟ್ಟು ಕದಲಲಿಲ್ಲ, ದಾನನವರು ಹಡಗುಗಳ ಬಳಿಯೇ ಉಳಿದರು. ಬಂದವರೂ ಬಾರದವರೂ ಸೇರಿದರೆ ಹತ್ತೇ ಹೆಸರು. ಮುಂದೆ ದೊರೆ ದಾವೀದನ ಕುಲವೆಂದು ಮೆರೆಯುವ ಯೆಹೂದದ ಸುದ್ದಿಯೇ ಇಲ್ಲ!

ಬೈಬಲ್‌ನ ಹೊರಗೆ ಸಿಗುವ ಪುರಾವೆ ಕಡಿಮೆ, ಸಿಕ್ಕಿದ್ದು ಬೆಲೆಯುಳ್ಳದ್ದು. 1896ರಲ್ಲಿ ಈಜಿಪ್ಟಿನ ಥೀಬ್ಸ್‌ನಲ್ಲಿ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಪತ್ತೆಹಚ್ಚಿದ ಮೆರ್ನೆಪ್ಟಾ ದೊರೆಯ ಶಾಸನ ಸುಮಾರು ಕ್ರಿ.ಪೂ. 1208ರದ್ದು. ಸೋತವರ ಸಾಲಿನಲ್ಲಿ ಇಸ್ರಾಯೇಲ್ ಇದೆ. ಅಕ್ಕಪಕ್ಕದ ಪಟ್ಟಣಗಳಿಗೆ ನಾಡಿನ ಗುರುತು ಹಾಕಿದ ಲಿಪಿಕಾರ ಇದಕ್ಕೆ ಮಾತ್ರ ಜನರ ಗುರುತು ಹಾಕಿದ್ದಾನೆ. ಕ್ರಿ.ಪೂ. 9ನೇ ಶತಮಾನದ ಮೋವಾಬ್ ದೊರೆ ಮೇಶನ ಶಾಸನವಂತೂ ಗಾದ್ ಕುಲದವರು ಅತಾರೋತಿನಲ್ಲಿ ಹಿಂದಿನಿಂದಲೂ ನೆಲೆಸಿದ್ದರೆಂದು ಒಪ್ಪಿಕೊಳ್ಳುತ್ತದೆ. ಇಸ್ರಾಯೇಲಿನ ಶತ್ರುವೇ ಕೊಟ್ಟ ಸಾಕ್ಷಿಯಿದು.

1967ರ ನಂತರ ಕಾನಾನಿನ ಬೆಟ್ಟಸಾಲಿನಲ್ಲಿ ನಡೆದ ಸಮೀಕ್ಷೆಗಳಲ್ಲಿ ಕ್ರಿ.ಪೂ. 1200ರ ಆಸುಪಾಸಿನಲ್ಲಿ ಹುಟ್ಟಿಕೊಂಡ ನೂರಾರು ಪುಟ್ಟ ಹಳ್ಳಿಗಳು ಕಂಡವು. ಕಲ್ಲುಕಂಬದ ಮನೆಗಳು, ಕತ್ತಿನ ಸುತ್ತ ಪಟ್ಟಿಯಿರುವ ದೊಡ್ಡ ವಾಡೆಗಳು. ಹಂದಿಯ ಮೂಳೆ ಅಪರೂಪ. ಮಡಕೆಗಳ ಮಾಟದಲ್ಲಿ ಕಾನಾನ್ಯರ ಪರಂಪರೆ ಮುಂದುವರಿದಿದೆ. ಹಾಗಾಗಿ ಈ ಹಳ್ಳಿಗಳ ಇಸ್ರಾಯೇಲ್ಯರಲ್ಲಿ ಬಹುಪಾಲು ಅದೇ ನೆಲದವರು, ಹೊರಗಿನಿಂದ ನುಗ್ಗಿ ಬಂದವರಲ್ಲ ಎಂಬುದು ಅನೇಕ ಪುರಾತತ್ತ್ವಜ್ಞರ ನಿಲುವು.

ಕ್ರಿ.ಪೂ. 722ರ ಸುಮಾರಿಗೆ ಇಬ್ಭಾಗವಾಗಿದ್ದ ಇಸ್ರಾಯೇಲಿನಲ್ಲಿ ಹತ್ತು ಕುಲಗಳದೆನಿಸಿದ ಉತ್ತರ ರಾಜ್ಯದ ರಾಜಧಾನಿ ಸಮಾರ್ಯ ಅಶ್ಶೂರರ ಕೈಸೇರಿತು. 27,290 ಜನರನ್ನು ಸೆರೆಹಿಡಿದು ಒಯ್ದೆನೆಂದು ದೊರೆ ಎರಡನೇ ಸಾರ್ಗೋನ್ ಬರೆಸಿಕೊಂಡಿದ್ದಾನೆ. ‘ಕಳೆದುಹೋದ ಹತ್ತು ಕುಲಗಳು’ ಎಂಬ ಮಾತಿನ ಮೂಲ ಅಲ್ಲಿದೆ.

ಆ ಕುಲಗಳ ಹುಡುಕಾಟ ಭಾರತದವರೆಗೂ ಬಂದಿದೆ. ಮಣಿಪುರ, ಮಿಜೋರಾಂಗಳ ಬ್ನೇ ಮೆನಾಶೆ ಸಮುದಾಯದವರು ತಾವು ಮನಸ್ಸೆಯ ವಂಶಜರೆನ್ನುತ್ತಾರೆ. 2005ರಲ್ಲಿ ಇಸ್ರೇಲಿನ ಆಗಿನ ಮುಖ್ಯ ರಬ್ಬಿಗಳಲ್ಲೊಬ್ಬರಾದ ಶ್ಲೋಮೋ ಅಮಾರ್ ಅದನ್ನು ಮಾನ್ಯ ಮಾಡಿದರು. ಹಾಗಿದ್ದರೂ ಅಲ್ಲಿಗೆ ನೆಲೆಸಲು ಹೋಗುವವರು ಯೆಹೂದಿ ಧರ್ಮಕ್ಕೆ ವಿಧಿವತ್ತಾಗಿ ಮತಾಂತರವಾಗಲೇಬೇಕು.