ಯಾವ ತಳಿಯೋ, ಯಾವ ಗೂಡಿನದೋ

ಗುಲಾಬಿ, ಹಸಿರು ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದು ಚೆನ್ನೈಗೂ ಹೊಸದಲ್ಲ, ನಮ್ಮ ಜಾತ್ರೆಗಳಿಗೂ ಹೊಸದಲ್ಲ. ಅವುಗಳಲ್ಲಿ ಬಹುಪಾಲು ಮೊಟ್ಟೆಕೋಳಿ ಹ್ಯಾಚರಿಗಳಿಗೆ ಬೇಡವಾದ ಗಂಡುಮರಿಗಳು. ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರಿನಂತೆ ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ಇಂಥ ಮರಿಯೋ, ಲಾರಿಯ ಪಂಜರದಿಂದ ಜಾರಿ ಬಿದ್ದ ಹೇಂಟೆಯೋ ಚೆನ್ನೈನ ಕೋಯಂಬೇಡು ತರಕಾರಿ ಮಾರುಕಟ್ಟೆ ಬಳಿಯ ಮನೆಯೊಂದಕ್ಕೆ ಬಂತೆನ್ನಿ. ಮಾರುಕಟ್ಟೆಯಲ್ಲಿ ಉಳಿದ ಎಲೆಕೋಸಿನ ಸೊಪ್ಪು ತಿಂದು ಬೆಳೆದ ನಾಟಿಕೋಳಿಗಳು ಹಿತ್ತಲಲ್ಲಿ ಆಗಲೇ ಇವೆ. ಬಂದದ್ದು ಯಾವ ತಳಿ?

ಹೆಸರು ಸಿಗದಿದ್ದರೂ ನಷ್ಟವಿಲ್ಲ. ಅದನ್ನು ಯಾವ ಕೆಲಸಕ್ಕೆಂದು ಬೆಳೆಸಿದ್ದರು ಎಂಬುದು ತಿಳಿದರೆ ಸಾಕು, ಅದು ಮೈಮೇಲೇ ಕಾಣುತ್ತದೆ. ಬಿಳಿ ಗರಿ, ಅಗಲ ಎದೆ, ದಪ್ಪ ಕಾಲು, ನಾಲ್ಕು ಹೆಜ್ಜೆಗೇ ಕೂರುವ ಚಾಳಿ ಇದ್ದರೆ ಬ್ರಾಯ್ಲರ್. ಸುಮಾರು 6 ವಾರಕ್ಕೇ 2 ಕಿಲೋ ದಾಟುವಂತೆ ಆಯ್ದು ಬೆಳೆಸಿದ ಹಕ್ಕಿ ಅದು; ಹೊಟ್ಟೆ ತುಂಬ ಹಾಕುತ್ತಲೇ ಹೋದರೆ ಕಾಲೂ ಹೃದಯವೂ ಕೈಕೊಡುತ್ತವೆ. ಅದಕ್ಕೆ ಕಾಳು ಅಳೆದೇ ಹಾಕಬೇಕು. ಹಗುರ ಮೈ, ಒಂದು ಬದಿಗೆ ಜೋತ ದೊಡ್ಡ ಜುಟ್ಟು, ತುದಿ ಕತ್ತರಿಸಿದ ಕೊಕ್ಕು ಇದ್ದರೆ ಮೊಟ್ಟೆ ಫಾರಂನ ಹೇಂಟೆ. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಇದು 300 ದಾಟಿಸುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಸುಣ್ಣದಂಶ ಬೇಕು. ಮೇವಿನಲ್ಲಿ ಸಾಲದಿದ್ದರೆ ಮೂಳೆ ಕರಗಿಸಿ ಕೊಡುತ್ತದೆ. ಬರೀ ಸೊಪ್ಪಿನಿಂದ ಆ ಸಾಲ ತೀರದು, ಕಪ್ಪೆಚಿಪ್ಪಿನ ಪುಡಿಯನ್ನು ಪ್ರತ್ಯೇಕ ಬಟ್ಟಲಲ್ಲಿಡಿ. ಕೊಕ್ಕು ಮೊಂಡಾದ ಹಕ್ಕಿಗೆ ನೆಲದ ಕಾಳು ಹೆಕ್ಕುವುದೇ ಕಷ್ಟ, ಅದಕ್ಕೆ ಆಳದ ಬಟ್ಟಲು ಬೇಕು.

ಬಣ್ಣದ ಗರಿ ಕಂಡೊಡನೆ ‘ಅಪ್ಪಟ ನಾಟಿ’ ಎನ್ನುವ ಮಾರಾಟಗಾರನನ್ನು ಮಾತ್ರ ನಂಬಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಚೆನ್ನೈನ ಬಡಾವಣೆಯ ಹೆಸರನ್ನೇ ಹೊತ್ತ ನಂದನಂ ಕೋಳಿ, ಇವೆಲ್ಲ ಬಣ್ಣದವೇ. ಕಾಲಿನ ಬಣ್ಣ ನೋಡಿಯೂ ನಾಟಿ ಎನ್ನಲಾಗದು; ಹಳದಿ ಕಾಲಿನ ಕತೆ ಇನ್ನೂ ಸೊಗಸು. ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕಡೆಯ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ಜೀನು ಬಹುಶಃ ಬಂದದ್ದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಫಾರಂನಿಂದ ಬಂದ ಬಿಳಿ ಕೋಳಿಯ ಕಾಲಲ್ಲೂ ಬಂಡೀಪುರದ ಕಾಡುಕೋಳಿಯ ನೆಂಟಸ್ತಿಕೆ ಇರಬಹುದು!

ತಳಿಗಿಂತ ದೊಡ್ಡ ಪ್ರಶ್ನೆ ರೋಗದ್ದು. ಕನ್ನಡದಲ್ಲಿ ಕೊಕ್ಕರೆ ರೋಗ, ತಮಿಳಿನಲ್ಲಿ ವೆಳ್ಳೈ ಕಳಿಚ್ಚಲ್ ಎನ್ನುವ ರಾಣಿಖೇತ್ ವೈರಸ್ ಮೈಸೇರಿ ಲಕ್ಷಣ ತೋರಲು ಎರಡು ವಾರವೂ ಹಿಡಿಯಬಹುದು. ಮೈಕೋಪ್ಲಾಸ್ಮಾದಂಥ ಸೋಂಕನ್ನು ಗೆಲುವಾಗಿ ಕಾಣುವ ಹಕ್ಕಿಯೂ ಹೊತ್ತಿರುತ್ತದೆ. ಹಾಗಾಗಿ ಮೂರು ನಾಲ್ಕು ವಾರ ಬೇರೆ ಗೂಡು, ಬೇರೆ ನೀರು; ಹಳೆಯವಕ್ಕೆ ಮೇವು ಹಾಕಿದ ಮೇಲಷ್ಟೇ ಹೊಸದರ ಸರದಿ. ಫಾರಂ ಹಕ್ಕಿಗೆ ಸಾಮಾನ್ಯವಾಗಿ ಲಸಿಕೆ ಬಿದ್ದಿರುತ್ತದೆ, ಹಿತ್ತಲಿನ ನಾಟಿಗೆ ಎಷ್ಟೋ ಸಲ ಬಿದ್ದೇ ಇರುವುದಿಲ್ಲ. ಪಶುವೈದ್ಯರನ್ನು ಕೇಳಿ ಮೊದಲು ಹಳಬರಿಗೇ ಹಾಕಿಸುವುದು ಜಾಣತನ.

ಆಮೇಲೆ ಕುಕ್ಕಾಟ. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿಯನ್ನು ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡೆರುಪ್-ಎಬ್ಬೆ 1920ರ ದಶಕದಲ್ಲೇ ವಿವರಿಸಿದ. ಕೋಳಿಗಳು ಮುಖ, ಜುಟ್ಟು ನೋಡಿ ಒಂದೊಂದನ್ನೂ ಗುರುತಿಡುತ್ತವೆ, ಅಪರಿಚಿತ ಮುಖ ಬಂದರೆ ಮತ್ತೆ ಜಗಳ ಶುರು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು ಎಂದು ರಾತ್ರಿ ಗೂಡಿಗೆ ತೂರಿಸಿಬಿಡುವವರುಂಟು, ಆದರೆ ಬೆಳಗಾದ ಮೇಲೆ ಲೆಕ್ಕ ಚುಕ್ತಾ ಆಗಿಯೇ ಆಗುತ್ತದೆ. ನಡುವೆ ಜಾಲರಿ ಕಟ್ಟಿ ಒಂದು ವಾರ ಮುಖಾಮುಖಿ ಬಿಡುವುದೇ ವಾಸಿ. ಸಾಧ್ಯವಾದರೆ ಒಂಟಿಯಾಗಿ ಸೇರಿಸದೆ ಎರಡನ್ನು ಒಟ್ಟಿಗೆ ಸೇರಿಸಿ, ಮೇವಿನ ಬಟ್ಟಲು ಎರಡು ಕಡೆ ಇಡಿ. ರಕ್ತ ಕಂಡರೆ ಉಳಿದವೂ ಅಲ್ಲೇ ಕುಕ್ಕುತ್ತವೆ, ಗಾಯಗೊಂಡದ್ದನ್ನು ಕೂಡಲೇ ಬೇರೆ ಮಾಡಬೇಕು. ಬಂದದ್ದು ಬ್ರಾಯ್ಲರ್ ಆದರೆ ಅದಕ್ಕೆ ಮೇಲಿನ ಕೋಲಿಗೆ ಹಾರಲಾಗದು. ಇಟ್ಟಿಗೆಯಷ್ಟೇ ಎತ್ತರದಲ್ಲಿ ಇನ್ನೊಂದು ಕೋಲು ಕಟ್ಟಿಕೊಡಿ.