ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂತಾನಶಕ್ತಿ: ಮೊದಲೇ ಕೇಳಬೇಕಾದ ಮಾತು



ಹಿಂಗಾರಿ ಜೋಳದ ರಾಶಿಗೆ ಮುಂಚೆ ನಮ್ಮ ಹಿರಿಯರು ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಇಡುತ್ತಿದ್ದರು. ಅವುಗಳ ಕಾಳಿಗೆ ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯಲ್ಲಿ ತುಂಬುತ್ತಿದ್ದರು. ಬರ ಬಂದರೂ ಬಿತ್ತನೆ ಬೀಜದ ಆ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ಈ ಬುದ್ಧಿ ನಮ್ಮ ಮಕ್ಕಳ ಆರೋಗ್ಯದ ವಿಷಯದಲ್ಲೂ ಬೇಕಾಗಿದೆ.

ಇಂದು ಕ್ಯಾನ್ಸರ್ ಎಂದರೆ ಸಾವೇ ಎಂದಲ್ಲ. ಬೇಗ ಗುರುತಿಸಿದರೆ ಅನೇಕರು ಗುಣವಾಗಿ ಹೊಲ ಮನೆ ನೋಡಿಕೊಂಡು ಬಾಳುತ್ತಾರೆ. ಗುಣವಾದ ತರುಣ ತರುಣಿಯರಿಗೆ ಮುಂದೆ ಮದುವೆ, ಮಕ್ಕಳು ಎಂಬ ಆಸೆ ಇರುವುದು ಸಹಜ. ಆದರೆ ಪ್ರಾಣ ಉಳಿಸುವ ಔಷಧವೇ ಕೆಲವೊಮ್ಮೆ ಮಕ್ಕಳಾಗುವ ಶಕ್ತಿಯನ್ನು ಕುಂದಿಸುತ್ತದೆ. ಇದನ್ನು ಚಿಕಿತ್ಸೆ ಮುಗಿದ ಮೇಲೆ ತಿಳಿದರೆ ಪ್ರಯೋಜನ ಕಡಿಮೆ.

ಹಾನಿ ಹೇಗೆ ಆಗುತ್ತದೆ?

ಹೆಣ್ಣುಮಗು ಹುಟ್ಟುವಾಗಲೇ ತನ್ನ ಜೀವಮಾನದ ಅಂಡಾಣುಗಳನ್ನೆಲ್ಲ ಅಂಡಾಶಯದಲ್ಲಿ ಹೊತ್ತು ಬರುತ್ತದೆ. ಗಡಿಗೆಯ ಬೀಜದಂತೆ ಅವು ಖರ್ಚಾಗುತ್ತವೆಯೇ ಹೊರತು ಹೊಸದಾಗಿ ತುಂಬುವುದಿಲ್ಲ. ಸೈಕ್ಲೋಫಾಸ್ಫಮೈಡ್‌ನಂತಹ ಔಷಧಗಳು ಮತ್ತು ಹೊಟ್ಟೆಯ ಕೆಳಭಾಗಕ್ಕೆ ಕೊಡುವ ವಿಕಿರಣ ಈ ಸಂಗ್ರಹವನ್ನು ಬೇಗ ಬರಿದು ಮಾಡಬಲ್ಲವು. ಆಗ ಚಿಕ್ಕ ವಯಸ್ಸಿನಲ್ಲೇ ಮುಟ್ಟು ನಿಲ್ಲಬಹುದು. ಗಂಡಸರಲ್ಲಿ ವೀರ್ಯಾಣು ದಿನವೂ ತಯಾರಾಗುತ್ತದೆ. ಆದರೆ ಅದನ್ನು ತಯಾರಿಸುವ ಮೂಲ ಜೀವಕೋಶಗಳೇ ಸತ್ತರೆ ಅವರಿಗೂ ಇದೇ ಗತಿ. ಎಲ್ಲ ಔಷಧಗಳೂ ಒಂದೇ ಸಮನೆ ಹಾನಿ ಮಾಡುವುದಿಲ್ಲ. ರೋಗಿಯ ವಯಸ್ಸು, ಔಷಧದ ಜಾತಿ, ಅದರ ಪ್ರಮಾಣ ಇವುಗಳ ಮೇಲೆ ಎಲ್ಲವೂ ನಿಂತಿದೆ.

ಒಬ್ಬ ಡಾಕ್ಟರರ ಕೆಲಸವಲ್ಲ

ಸುಗ್ಗಿಯಲ್ಲಿ ಮುಯ್ಯಾಳುಗಳು ಕೂಡಿದರೆ ಮಾತ್ರ ಮೋಡ ಕವಿಯುವ ಮುಂಚೆ ರಾಶಿ ಮುಗಿಯುತ್ತದೆ. ಇಲ್ಲಿಯೂ ಹಾಗೆಯೇ. ಇಪ್ಪತ್ತು ದಾಟಿದ ಒಬ್ಬ ಹೆಣ್ಣುಮಗಳಿಗೆ ಕ್ಯಾನ್ಸರ್ ಎಂದು ತಿಳಿಯಿತೆಂದು ಇಟ್ಟುಕೊಳ್ಳೋಣ. ಚಿಕಿತ್ಸೆಯನ್ನು ಎಷ್ಟು ದಿನ ತಡೆಯಬಹುದು, ಯಾವ ಔಷಧ ಕೊಡಬೇಕು ಎಂದು ಹೇಳುವವರು ಕ್ಯಾನ್ಸರ್ ತಜ್ಞರು. ಅಂಡಾಶಯದ ಸ್ಥಿತಿ ಪರೀಕ್ಷಿಸುವವರು ಸ್ತ್ರೀರೋಗ ತಜ್ಞರು. ವಿಕಿರಣ ತಜ್ಞರು ಕಿರಣ ಬೀಳುವ ಜಾಗವನ್ನು ಗುರುತು ಹಾಕುತ್ತಾರೆ. ಶಸ್ತ್ರವೈದ್ಯರು ಅಂಡಾಶಯವನ್ನು ಆ ಜಾಗದಿಂದ ಮೇಲಕ್ಕೆ ಸರಿಸಿ ಹೊಲಿಯಬಲ್ಲರು. ಗರ್ಭಕೋಶಕ್ಕೇ ಕಿರಣ ಬಿದ್ದರೆ ಗರ್ಭ ಹೊರುವುದು ಕಷ್ಟವೇ ಸರಿ. ಆದರೂ ಅಂಡಾಶಯ ಉಳಿದರೆ ಅಕಾಲದಲ್ಲಿ ಮುಟ್ಟು ನಿಲ್ಲುವುದು ತಪ್ಪುತ್ತದೆ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ತೀರ ಚಿಕ್ಕದಿದ್ದಾಗ ಪತ್ತೆಯಾದರೆ, ಆ ಬಾಯಿಯ ಭಾಗವನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಚಿಕಿತ್ಸೆಯೂ ಇದೆ. ಸ್ತನ ಕ್ಯಾನ್ಸರಿನ ಔಷಧ ನಡೆಯುವಾಗ ಅಂಡಾಶಯಕ್ಕೆ ವಿಶ್ರಾಂತಿ ಕೊಡುವ ಇಂಜೆಕ್ಷನ್ ಕೆಲವರಿಗೆ ನೆರವಾಗುತ್ತದೆ.

ಇನ್ನೊಂದು ದಾರಿ, ಅಂಡಾಶಯದ ತುಣುಕನ್ನು ತೆಗೆದು ಶೀತಲೀಕರಿಸಿ ಇಡುವುದು. ಹಸು ಎಮ್ಮೆಗಳಿಗೆ ಇಂಜೆಕ್ಷನ್ ಕೊಡಲು ಬರುವ ಪಶುವೈದ್ಯರ ಹತ್ತಿರ ಹೊಗೆಯಾಡುವ ಕ್ಯಾನ್ ನೀವು ನೋಡಿದ್ದೀರಿ. ಅದರಲ್ಲಿರುವುದು ದ್ರವ ಸಾರಜನಕ. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ತುಣುಕನ್ನೂ ಅಂಥದರಲ್ಲೇ ಇಡುತ್ತಾರೆ. ರೋಗ ಗುಣವಾದ ಮೇಲೆ ಅದನ್ನು ಅದೇ ಹೆಣ್ಣುಮಗಳ ದೇಹಕ್ಕೆ ಮರಳಿ ನೆಡುತ್ತಾರೆ. ಬೆಲ್ಜಿಯಂ ದೇಶದ ಲೂವೇನ್ ಕ್ಯಾಥೋಲಿಕ್ ವಿಶ್ವವಿದ್ಯಾಲಯದ ಡಾ. ಜಾಕ್ ಡೊನ್ನೆ ಮತ್ತು ಸಂಗಡಿಗರು 1997ರಲ್ಲಿ ಹಾಡ್ಜ್‌ಕಿನ್ ಕ್ಯಾನ್ಸರಿನ ಒಬ್ಬ ತರುಣಿಯ ತುಣುಕನ್ನು ಹೀಗೆ ಇಟ್ಟು, 2003ರಲ್ಲಿ ಮರಳಿ ನೆಟ್ಟರು. ಆಕೆ ಸಹಜವಾಗಿಯೇ ಗರ್ಭ ಧರಿಸಿ 2004ರಲ್ಲಿ ಆರೋಗ್ಯವಂತ ಹೆಣ್ಣುಮಗುವನ್ನು ಹೆತ್ತಳು. ರಕ್ತ ಕ್ಯಾನ್ಸರಿನಲ್ಲಿ ಮಾತ್ರ ತುಣುಕಿನ ಜೊತೆ ರೋಗವೂ ಮರಳುವ ಭಯವಿದೆ. ಆದ್ದರಿಂದ ತಜ್ಞರ ಮಾತು ಮುಖ್ಯ.

ಧರ್ಮಸಭೆ ಏನು ಹೇಳುತ್ತದೆ?

ಅನೇಕ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆ ಇದು. ಮಕ್ಕಳಾಗದಂತೆ ಮಾಡುವ ಔಷಧ ತೆಗೆದುಕೊಂಡರೆ ಪಾಪವೇ? ಅಲ್ಲ. ಪೋಪ್ ಆರನೆಯ ಪೌಲರು 1968ರ ‘ಹ್ಯುಮಾನೆ ವಿಟೆ’ ಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ದೇಹದ ರೋಗ ಗುಣಪಡಿಸಲು ನಿಜಕ್ಕೂ ಬೇಕಾದ ಚಿಕಿತ್ಸೆಯಿಂದ ಸಂತಾನಕ್ಕೆ ಅಡ್ಡಿಯಾಗುವುದೆಂದು ಮೊದಲೇ ತಿಳಿದಿದ್ದರೂ ಆ ಚಿಕಿತ್ಸೆ ತಪ್ಪಲ್ಲ. ಅಡ್ಡಿ ಮಾಡುವುದೇ ಉದ್ದೇಶವಾಗಿರಬಾರದು, ಅಷ್ಟೇ. ಮಕ್ಕಳ ಆಸೆಗಾಗಿ ಚಿಕಿತ್ಸೆಯನ್ನೇ ಬಿಡುವುದು ಬೇಡ.

ಆದರೆ ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಗರ್ಭ ಕೂಡಿಸುವುದನ್ನು ಧರ್ಮಸಭೆ ಒಪ್ಪುವುದಿಲ್ಲ. ಭ್ರೂಣಗಳನ್ನು ಶೀತಲೀಕರಿಸುವುದನ್ನೂ, ಇಂಥ ಕೃತಕ ವಿಧಾನಕ್ಕಾಗಿ ಅಂಡಾಣುಗಳನ್ನು ಶೀತಲೀಕರಿಸಿಡುವುದನ್ನೂ 2008ರ ‘ಡಿಗ್ನಿಟಾಸ್ ಪರ್ಸೋನೆ’ ತಿರಸ್ಕರಿಸಿದೆ. ಆಸ್ಪತ್ರೆಯಲ್ಲಿ ಮೊದಲು ಹೇಳುವುದು ಬಹಳ ಸಲ ಈ ದಾರಿಗಳನ್ನೇ. ಅಂಡಾಶಯ ಸರಿಸುವುದು, ಕಿರಣಕ್ಕೆ ಮರೆ ಕಟ್ಟುವುದು, ಅಂಗ ಉಳಿಸುವ ಶಸ್ತ್ರಚಿಕಿತ್ಸೆ ಇವುಗಳಿಗೆ ಆ ಆಕ್ಷೇಪವಿಲ್ಲ. ತುಣುಕನ್ನು ಮರಳಿ ನೆಟ್ಟು ದಂಪತಿಗಳ ಕೂಟದಿಂದಲೇ ಮಗು ಪಡೆಯುವುದಕ್ಕೂ ಅದು ತಾಗದೆಂದು ಹಲವು ಕ್ಯಾಥೋಲಿಕ್ ನೀತಿತಜ್ಞರ ಅಭಿಪ್ರಾಯ. ನಿರ್ಧಾರಕ್ಕೆ ಮುಂಚೆ ಡಾಕ್ಟರರೊಡನೆ ಮಾತನಾಡಿದಂತೆ ನಿಮ್ಮ ಗುರುಗಳೊಡನೆಯೂ ಮಾತನಾಡಿ.

ನಾವು ಮಾಡಬೇಕಾದುದು

ಕುಂಭಾರಿಯಲ್ಲೇ ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬಾರ್ಶಿಯಲ್ಲಿ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದುದು ಬಾರ್ಶಿಯಲ್ಲೇ. ಮೇಲೆ ಹೇಳಿದ ತಜ್ಞರೆಲ್ಲ ಒಂದೇ ಕಡೆ ಸಿಗದಿರಬಹುದು. ಆದ್ದರಿಂದ ಹೀಗೆ ಮಾಡಿ:

1. ಮೊದಲ ಔಷಧ ಹನಿಸುವ ಮುಂಚೆಯೇ, “ಡಾಕ್ಟರರೇ, ಇದರಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಿದೆಯೇ? ತಪ್ಪಿಸುವ ದಾರಿ ಯಾವುದು?” ಎಂದು ಕೇಳಿ. ಹದ ತಪ್ಪಿದ ಮೇಲೆ ಬಿತ್ತಿದರೆ ಬೆಳೆಯಿಲ್ಲ.
2. ಇನ್ನೊಬ್ಬ ತಜ್ಞರ ಬಳಿ ಹೋಗಬೇಕಾದರೆ ಚೀಟಿ ಬರೆಸಿಕೊಳ್ಳಿ. ಎಲ್ಲ ರಿಪೋರ್ಟುಗಳನ್ನು ಒಂದೇ ಚೀಲದಲ್ಲಿಡಿ.
3. ಖರ್ಚು ಎಷ್ಟು, ವರ್ಷಕ್ಕೆ ಇಡುವ ಬಾಡಿಗೆ ಎಷ್ಟು, ಸರಕಾರದ ಯೋಜನೆಯಲ್ಲಿ ಯಾವುದು ಸೇರುತ್ತದೆ ಎಂದು ಮೊದಲೇ ವಿಚಾರಿಸಿ.
4. ಡಾಕ್ಟರರು ತಡ ಮಾಡಬೇಡಿ ಎಂದರೆ ತಡ ಮಾಡಬೇಡಿ. ಪ್ರಾಣ ಮೊದಲು.
5. ಮದುವೆಯ ಮಾತುಕತೆಯಲ್ಲಿ ರೋಗದ ವಿಷಯ ಮುಚ್ಚಿಡಬೇಡಿ.

ಎಷ್ಟು ಪ್ರಯತ್ನಿಸಿದರೂ ಕೆಲವರಿಗೆ ಮಕ್ಕಳಾಗದಿರಬಹುದು. ಅಂಥ ಸೊಸೆಯನ್ನು ಬಂಜೆ ಎಂದು ಹೀಯಾಳಿಸುವುದು ಕ್ರೈಸ್ತರಿಗೆ ತಕ್ಕುದಲ್ಲ. ದತ್ತು ಪಡೆದ ಮಗುವೂ ದೇವರ ವರವೇ. ಒಂದು ಅಂಗ ನೊಂದರೆ ಇಡೀ ದೇಹ ನೋಯುತ್ತದೆಂದು ಸಂತ ಪೌಲರು ಕಲಿಸಿದ್ದಾರೆ. ನಮ್ಮ ಧರ್ಮಕೇಂದ್ರದಲ್ಲಿ ಯಾರಿಗಾದರೂ ಈ ರೋಗ ಬಂದರೆ ಪ್ರಾರ್ಥನೆಯ ಜೊತೆಗೆ ಅವರೊಡನೆ ಆಸ್ಪತ್ರೆಗೆ ಹೋಗೋಣ. ಅವರು ಕೇಳಲು ನಾಚುವ ಪ್ರಶ್ನೆಯನ್ನು ಡಾಕ್ಟರರಿಗೆ ನಾವೇ ಕೇಳೋಣ.