ತಕ್ಕಡಿಗೆ ಕಾಣದ್ದು ಟೇಪಿಗೆ ಕಂಡಿತು

1967ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ 792 ಗಂಡಸರು ಒಂದು ವೈದ್ಯಕೀಯ ತಪಾಸಣೆಗೆ ಒಪ್ಪಿ ಬಂದರು. ಎಲ್ಲರಿಗೂ 54 ವರ್ಷ. 1913ರಲ್ಲಿ ಹುಟ್ಟಿರಬೇಕು, ಅದೇ ಊರಿನಲ್ಲಿ ವಾಸವಾಗಿರಬೇಕು, ಇವೇ ಆಯ್ಕೆಯ ಮುಖ್ಯ ನಿಯಮಗಳು. ಹೃದಯದ ಕಾಯಿಲೆ ಯಾರಿಗೆ ಬರುತ್ತದೆ, ಅದರ ಸುಳಿವು ಮೊದಲೇ ಸಿಗುತ್ತದೆಯೇ ಎಂದು ತಿಳಿಯುವುದು ವೈದ್ಯರ ಉದ್ದೇಶ. ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ, ಎತ್ತರ, ತೂಕ ಎಲ್ಲವನ್ನೂ ಬರೆದುಕೊಂಡರು. ಮೈಯ ಮೂರು ಕಡೆ ಚರ್ಮವನ್ನು ಮಡಿಕೆ ಹಿಡಿದು ದಪ್ಪ ಅಳೆದರು. ಜೊತೆಗೆ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ, ಪೃಷ್ಠದ ಸುತ್ತಳತೆ ಎರಡನ್ನೂ ದಾಖಲಿಸಿದರು. ಆಮೇಲೆ ಹದಿಮೂರು ವರ್ಷ ಕಾದರು.

ಆ ಕಾಯುವಿಕೆಗೆ ದೊಡ್ಡ ಬೆಲೆಯಿದೆ. ಲಕ್ವ ಹೊಡೆದು ತಿಂಗಳುಗಟ್ಟಲೆ ಮಲಗಿದವರ ಮೈ ಮೊದಲಿನಂತೆ ಉಳಿದಿರುವುದಿಲ್ಲ. ಆಗ ಅಳೆದರೆ ಕಾಯಿಲೆಗೆ ಕಾರಣ ಯಾವುದು, ಕಾಯಿಲೆಯ ಫಲ ಯಾವುದು ಎಂದು ಬೇರ್ಪಡಿಸಲಾಗದು. ಆರೋಗ್ಯವಾಗಿರುವಾಗಲೇ ಅಳೆದಿಟ್ಟು, ಯಾರಿಗೆ ಏನಾಯಿತೆಂದು ವರ್ಷಗಟ್ಟಲೆ ಬೆನ್ನುಬಿಡದೆ ನೋಡಿದರಷ್ಟೇ ಯಾವುದು ಹಿಂದು, ಯಾವುದು ಮುಂದು ಎಂಬುದು ತಿಳಿಯುತ್ತದೆ.

1984ರಲ್ಲಿ ಬೂ ಲಾರ್ಸನ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಒಪ್ಪಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ, ಚರ್ಮದ ಮಡಿಕೆಗಳ ಮೊತ್ತ, ಹೊಟ್ಟೆಯ ಸುತ್ತಳತೆ, ಪೃಷ್ಠದ ಸುತ್ತಳತೆ, ಇವುಗಳಲ್ಲಿ ಯಾವುದೊಂದನ್ನೂ ಒಂಟಿಯಾಗಿ ನೋಡಿದಾಗ ಪಾರ್ಶ್ವವಾಯುವಿಗಾಗಲಿ ಹೃದಯದ ಕಾಯಿಲೆಗಾಗಲಿ ಸಾವಿಗಾಗಲಿ ಸ್ಪಷ್ಟ ನಂಟು ಕಾಣಲಿಲ್ಲ. ಆದರೆ ಹೊಟ್ಟೆಯ ಅಳತೆಯನ್ನು ಪೃಷ್ಠದ ಅಳತೆಯಿಂದ ಭಾಗಿಸಿದಾಗ ಚಿತ್ರ ಬದಲಾಯಿತು. ಆ ಅನುಪಾತ ಹೆಚ್ಚಿದ್ದವರಲ್ಲಿ ಪಾರ್ಶ್ವವಾಯುವೂ ಹೆಚ್ಚು. ನಂಟೇ ಇಲ್ಲದೆ ಬರೀ ಆಕಸ್ಮಿಕದಿಂದ ಇಂಥ ಲೆಕ್ಕ ಬರುವ ಸಾಧ್ಯತೆ ಸಾವಿರಕ್ಕೆ ಎರಡು ಮಾತ್ರ. ಹೃದಯದ ಕಾಯಿಲೆಯ ವಿಷಯದಲ್ಲಿ ಅದು ನೂರಕ್ಕೆ ನಾಲ್ಕು. ಹುಡುಕಲು ಹೊರಟದ್ದು ಹೃದಯಕ್ಕೆ ಒದಗುವ ಅಪಾಯವನ್ನು, ಹೆಚ್ಚು ಗಟ್ಟಿಯಾಗಿ ಸಿಕ್ಕಿದ್ದು ಮಿದುಳಿಗೆ ಒದಗುವ ಅಪಾಯ.

ಅದೇ ವರ್ಷ, ಅದೇ ಊರಿನ 1462 ಹೆಂಗಸರ ಹನ್ನೆರಡು ವರ್ಷಗಳ ಅಧ್ಯಯನವೂ ಹೊರಬಂತು. ಅಲ್ಲೂ ಅದೇ ಅನುಪಾತ ಹೃದಯಾಘಾತ, ಪಾರ್ಶ್ವವಾಯು, ಸಾವು ಮೂರರ ಜೊತೆಗೂ ಹೆಣೆದುಕೊಂಡಿತ್ತು.

ಇದನ್ನು ಮೊದಲೇ ಕಂಡಿದ್ದ ಒಬ್ಬರಿದ್ದರು. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾನ್ ವಾಗ್ 1947ರಲ್ಲೇ ಬೊಜ್ಜನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು. ಗಂಡಸರಲ್ಲಿ ಹೆಚ್ಚಾಗಿ ಕಾಣುವಂತೆ ಮೈಯ ಮೇಲ್ಭಾಗದಲ್ಲಿ ಸೇರುವುದು ಒಂದು, ಹೆಂಗಸರಲ್ಲಿ ಕಾಣುವಂತೆ ತೊಡೆ, ಪೃಷ್ಠಗಳಲ್ಲಿ ಸೇರುವುದು ಇನ್ನೊಂದು. ತೋಳಿನ ಕೊಬ್ಬನ್ನೂ ತೊಡೆಯ ಕೊಬ್ಬನ್ನೂ ಅಳೆದು ಹೋಲಿಸುವ ವಿಧಾನವನ್ನು ಅವರೇ ರೂಪಿಸಿಕೊಂಡರು. ಸಕ್ಕರೆ ಕಾಯಿಲೆ, ರಕ್ತನಾಳಗಳು ಗಡುಸಾಗುವುದು, ಗೌಟ್ ಇವೆಲ್ಲ ಮೊದಲ ಬಗೆಯವರನ್ನೇ ಹೆಚ್ಚಾಗಿ ಹಿಡಿಯುತ್ತವೆ ಎಂದು 1956ರಲ್ಲಿ ಇಂಗ್ಲಿಷಿನಲ್ಲೂ ಬರೆದರು. ಸುಮಾರು ಮೂರು ದಶಕ ಆ ಮಾತಿಗೆ ಸಿಗಬೇಕಾದ ಗಮನ ಸಿಗಲಿಲ್ಲ. ರೋಗಿಗಳ ಮೈಯನ್ನು ಕಣ್ಣಿಟ್ಟು ನೋಡಿದ ಒಬ್ಬ ವೈದ್ಯನ ಗಮನಿಕೆ ಅದು. ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಂಕಿಗಳ ಬೆಂಬಲ ಅದಕ್ಕೆ ಸಿಕ್ಕಿದ್ದು ಗೋಥೆನ್‌ಬರ್ಗ್‌ನಲ್ಲಿ.

ಲಾರ್ಸನ್ ಅವರ ಲೇಖನದಲ್ಲಿ ಇನ್ನೊಂದು ಮಾತಿತ್ತು, ನನ್ನ ಮಟ್ಟಿಗೆ ಇಡೀ ಕತೆಯ ತಿರುಳು ಅದರಲ್ಲೇ ಇದೆ. ಧೂಮಪಾನ, ರಕ್ತದೊತ್ತಡ, ಕೊಲೆಸ್ಟ್ರಾಲ್ ಮೂರನ್ನೂ ಲೆಕ್ಕಕ್ಕೆ ಹಿಡಿದಾಗ ಆ ಅನುಪಾತಕ್ಕೆ ಸ್ವತಂತ್ರ ಬಲ ಉಳಿಯಲಿಲ್ಲ. ಮೇಲ್ನೋಟಕ್ಕೆ ಇದು ಕಂಡುಕೊಂಡದ್ದೆಲ್ಲ ಕೈಜಾರಿದಂತೆ ತೋರುತ್ತದೆ. ಆದರೆ ಹೊಟ್ಟೆಯ ಕೊಬ್ಬು ರಕ್ತದೊತ್ತಡವನ್ನು ಏರಿಸಿ, ಆ ಒತ್ತಡವೇ ಮಿದುಳಿನ ರಕ್ತನಾಳವನ್ನು ಕೆಡಿಸುತ್ತಿದ್ದರೆ ಲೆಕ್ಕ ಹೀಗೇ ಬರಬೇಕು. ನಡುವಿನ ಕೊಂಡಿಯನ್ನು ತೆಗೆದಿಟ್ಟು ನೋಡಿದರೆ ಎರಡು ತುದಿಗಳಿಗೆ ನಂಟಿಲ್ಲವೆನಿಸುತ್ತದೆ. ಅಂದರೆ ಕೊಬ್ಬು ಮಿದುಳನ್ನು ಮುಟ್ಟುವ ದಾರಿ ಯಾವ ಕಡೆಗಿದೆ ಎಂಬುದನ್ನು ಆ ಲೆಕ್ಕವೇ ತೋರಿಸುತ್ತಿತ್ತು. 1987ರಲ್ಲಿ ಲೆನಾರ್ಟ್ ವೆಲಿನ್ ಅದೇ ಗಂಡಸರ ಹದಿನೆಂಟೂವರೆ ವರ್ಷಗಳ ಕತೆ ಬಿಡಿಸಿದರು. ಅಷ್ಟರಲ್ಲಿ 57 ಮಂದಿಗೆ ಪಾರ್ಶ್ವವಾಯು ಆಗಿತ್ತು. ಅಪಾಯದ ಗುರುತುಗಳೆಂದು ಎದ್ದುಕಂಡವು ರಕ್ತದೊತ್ತಡ, ಹೊಟ್ಟೆಯ ಬೊಜ್ಜು, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನು, ಮತ್ತು ತಾಯಿ ಪಾರ್ಶ್ವವಾಯುವಿನಿಂದ ತೀರಿಕೊಂಡಿದ್ದುದು.

ಆ ದಾರಿಯ ಇನ್ನೊಂದು ತುಂಡು ಸಿಕ್ಕಿದ್ದು ಸಕ್ಕರೆ ಕಾಯಿಲೆಯವರ ನಡುವೆ. ಕೆಲವರ ಮೈ ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುತ್ತದೆ, ಕೆಲವರದು ಓಗೊಡುವುದಿಲ್ಲ ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದರು. 1988ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್ ತಮ್ಮ ಬ್ಯಾಂಟಿಂಗ್ ಉಪನ್ಯಾಸದಲ್ಲಿ ಅದನ್ನು ಬಹುದೂರ ಒಯ್ದರು. ಇನ್ಸುಲಿನ್ನಿಗೆ ಮೈ ಜಗ್ಗದಿರುವುದು, ರಕ್ತದಲ್ಲಿ ಇನ್ಸುಲಿನ್ ಏರುವುದು, ಸಕ್ಕರೆ ಹಿಡಿತ ತಪ್ಪುವುದು, ಟ್ರೈಗ್ಲಿಸರೈಡ್ ಹೆಚ್ಚುವುದು, ಒಳ್ಳೆಯ ಕೊಲೆಸ್ಟ್ರಾಲ್ ತಗ್ಗುವುದು, ರಕ್ತದೊತ್ತಡ ಏರುವುದು ಇವೆಲ್ಲ ಒಟ್ಟಿಗೆ ಬರುತ್ತವೆ ಎಂದು ಹೇಳಿ, ಆ ಗುಂಪಿಗೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ಬೊಜ್ಜನ್ನು ಮಾತ್ರ ಆ ಪಟ್ಟಿಗೆ ಸೇರಿಸಲಿಲ್ಲ. ತೆಳ್ಳಗಿರುವವರಲ್ಲೂ ಈ ಕೆಡುಕು ಕಾಣುತ್ತದೆ ಎಂಬುದನ್ನು ಅವರು ಬಿಟ್ಟುಕೊಡಲು ಸಿದ್ಧರಿರಲಿಲ್ಲ.

ಕೊಬ್ಬು ಎಲ್ಲಿ ಕೂತಿದೆ ಎಂಬುದು ಕಣ್ಣಿಗೇ ಕಂಡದ್ದು ಜಪಾನಿನ ಒಸಾಕಾದಲ್ಲಿ. 1980ರ ದಶಕದಲ್ಲಿ ಯೂಜಿ ಮತ್ಸುಝಾವಾ ಅವರ ತಂಡ ಹೊಕ್ಕುಳ ಮಟ್ಟದಲ್ಲಿ ಸಿಟಿ ಸ್ಕ್ಯಾನ್ ತೆಗೆದು, ಚರ್ಮದಡಿಯ ಕೊಬ್ಬನ್ನೂ ಕರುಳಿನ ಸುತ್ತ ಅಡಗಿದ ಕೊಬ್ಬನ್ನೂ ಬೇರೆ ಬೇರೆಯಾಗಿ ಅಳೆಯಿತು. ದಿನವೂ ಕಠಿಣ ಸಾಧನೆ ಮಾಡುವ ಸೂಮೋ ಪೈಲ್ವಾನರ ಭಾರೀ ಹೊಟ್ಟೆಯಲ್ಲಿ ಹೆಚ್ಚಿನ ಪಾಲು ಚರ್ಮದಡಿಯದೇ ಆಗಿತ್ತು. ಒಳಗಿನ ಕೊಬ್ಬಿನ ಸ್ವಭಾವ ಬೇರೆ. ಅಲ್ಲಿಂದ ಹೊರಟ ರಕ್ತ ಮೊದಲು ಹೋಗುವುದು ಪಿತ್ತಜನಕಾಂಗಕ್ಕೆ. ಮೇಲಿನ ಕೆರೆ ಕೋಡಿ ಬಿದ್ದಾಗ ಕೆಳಗಿನ ಕೆರೆಗೆ ನೀರು ನುಗ್ಗುವಂತೆ, ಹೊಟ್ಟೆಯೊಳಗೆ ಮಿಕ್ಕಿದ ಕೊಬ್ಬಿನಾಮ್ಲಗಳು ನೇರವಾಗಿ ಅಲ್ಲಿಗೆ ನುಗ್ಗಿ ಅದರ ಕೆಲಸ ಕೆಡಿಸುತ್ತವೆ ಎಂಬುದು ಗೋಥೆನ್‌ಬರ್ಗ್‌ನ ಪೇರ್ ಬ್ಯೋರ್ನ್‌ಟಾರ್ಪ್ ಮುಂದಿಟ್ಟ ವಿವರಣೆ. ಆಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಮೂತ್ರಪಿಂಡ ಉಪ್ಪನ್ನು ಬಿಟ್ಟುಕೊಡದಂತೆ ಮಾಡುತ್ತದೆ, ನರಗಳನ್ನು ಕೆರಳಿಸುತ್ತದೆ; ಎರಡೂ ರಕ್ತದೊತ್ತಡವನ್ನು ಮೇಲಕ್ಕೆ ತಳ್ಳುತ್ತವೆ.

ನಮ್ಮ ದೇಶಕ್ಕೆ ಈ ಕತೆ ಎಷ್ಟು ಹತ್ತಿರದ್ದೆಂದು ತೋರಿಸಿದ್ದು ಇಬ್ಬರ ಮೈಕಟ್ಟು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್, ಇಬ್ಬರೂ ಸಂಶೋಧಕರು, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಮೈಯನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರ ಬಿಎಂಐ 22.3, ಯಾವ ಪಟ್ಟಿಯ ಪ್ರಕಾರವೂ ಇಬ್ಬರೂ ದಪ್ಪಗಿಲ್ಲ. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ, ತೂಕ ಸರಿಯಾಗಿಯೇ ಇದೆ ಎಂಬ ನೆಮ್ಮದಿ: ನಮ್ಮ ಮನೆಮನೆಗಳಲ್ಲಿ ಕಾಣುವ ಮೈಕಟ್ಟಿಗೆ ವಿಜ್ಞಾನದ ಪುಟದಲ್ಲಿ ಜಾಗ ಸಿಕ್ಕಿತು. ದಕ್ಷಿಣ ಏಷ್ಯಾದವರಿಗೆ ಹೊಟ್ಟೆಯ ಸುತ್ತಳತೆಯ ಎಚ್ಚರಿಕೆಯ ಗೆರೆಯನ್ನು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿಗೆ ಇಳಿಸಿದ್ದು ಇಂಥ ತಿಳಿವಳಿಕೆಯಿಂದಲೇ.

2010ರಲ್ಲಿ ಇಂಟರ್‌ಸ್ಟ್ರೋಕ್ ಅಧ್ಯಯನ ಬಂತು. 22 ದೇಶಗಳಲ್ಲಿ ಮೊದಲ ಬಾರಿ ಪಾರ್ಶ್ವವಾಯುವಾದ 3000 ಮಂದಿ, ಹೋಲಿಕೆಗೆ ಇನ್ನು 3000 ಮಂದಿ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಅದರ ಪ್ರಮುಖ ಲೇಖಕರಲ್ಲೊಬ್ಬರು. ಇಲ್ಲಿ ಅಳತೆ ನಡೆದದ್ದು ಕಾಯಿಲೆ ಬಂದ ಮೇಲೆ, ಆ ಮಿತಿ ಇದ್ದೇ ಇದೆ. ಆದರೂ ಆಸ್ಪತ್ರೆ ಸೇರಿದ ಮೊದಲ ಕೆಲವೇ ದಿನಗಳಲ್ಲಿ ಅಳೆದರು. ಬಿಎಂಐಗೆ ಸ್ಪಷ್ಟ ನಂಟು ಸಿಗಲಿಲ್ಲ. ಹೊಟ್ಟೆ–ಪೃಷ್ಠ ಅನುಪಾತದಲ್ಲಿ ಮೇಲಿನ ಮೂರನೇ ಒಂದು ಭಾಗದವರಿಗೆ ಕೆಳಗಿನ ಮೂರನೇ ಒಂದು ಭಾಗದವರಿಗಿಂತ ಅಪಾಯ ಸುಮಾರು 1.65 ಪಟ್ಟು. ಎಲ್ಲಕ್ಕಿಂತ ದೊಡ್ಡ ಅಪಾಯ ರಕ್ತದೊತ್ತಡದ್ದೇ.

ಹಾಗಾದರೆ ತೂಕಕ್ಕೆ ಲೆಕ್ಕವೇ ಇಲ್ಲವೇ? ಇದೆ. 97 ಅಧ್ಯಯನಗಳ 18 ಲಕ್ಷ ಜನರನ್ನು ಒಟ್ಟಿಗೆ ನೋಡಿದ ವರದಿ 2014ರಲ್ಲಿ ಬಂತು. ಎಂಟುನೂರು ಜನರಲ್ಲಿ ಕಾಣದ ನಂಟು ಅಷ್ಟು ಜನರಲ್ಲಿ ಕಂಡಿತು: ಬಿಎಂಐ 5 ಅಂಕ ಏರಿದರೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 18 ಹೆಚ್ಚುತ್ತದೆ. ಆ ಹೆಚ್ಚಳದಲ್ಲಿ ಮುಕ್ಕಾಲು ಪಾಲು ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ ಮೂರರ ಮೂಲಕವೇ ಬರುತ್ತದೆ. ರಕ್ತದೊತ್ತಡವೊಂದರದೇ ಶೇ 65. ತೂಕ ಇಳಿಸಲು ಹೆಣಗಿ ಸೋತವರಿಗೆ ಈ ಅಂಕಿ ದೊಡ್ಡ ಆಸರೆ. ಬಿಪಿಯನ್ನು ಹತೋಟಿಯಲ್ಲಿಟ್ಟರೆ ಬೊಜ್ಜು ಮಿದುಳಿಗೆ ತರುವ ಅಪಾಯದ ಹೆಚ್ಚಿನ ಪಾಲನ್ನು ತಡೆಯುವ ದಾರಿ ಅವರಿಗಿದೆ. ಹೃದಯದ ವಿಷಯದಲ್ಲಿ ಅಷ್ಟು ಭರವಸೆ ಸಾಲದು. ಅಲ್ಲಿ ಈ ಮೂರರಿಂದ ವಿವರಿಸಲಾಗುವುದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಉಳಿದದ್ದು ಕೊಬ್ಬಿನಿಂದ ಯಾವ ಬಳಸುದಾರಿಯಲ್ಲಿ ಬರುತ್ತದೆ ಎಂದು ಸಂಶೋಧಕರು ಉರಿಯೂತದಲ್ಲಿ, ರಕ್ತ ಹೆಪ್ಪುಗಟ್ಟುವ ಬಗೆಯಲ್ಲಿ, ನಿದ್ದೆಯಲ್ಲಿ ಉಸಿರು ಕಟ್ಟುವುದರಲ್ಲಿ ಹುಡುಕುತ್ತಿದ್ದಾರೆ.